ಇಳಿಜಾರಿಗೆ ಯಾವ ಗಾಡಿ

ಡೀಸೆಲ್ಲೋ ಪೆಟ್ರೋಲೋ ಎಂಬ ಪ್ರಶ್ನೆ ಕಡುಚಳಿಯ ಊರಾದ ಫೇರ್‌ಬ್ಯಾಂಕ್ಸ್‌ನಲ್ಲಿ ಯಾವತ್ತೂ ಇತ್ಯರ್ಥವಾದದ್ದಲ್ಲ. ಚಳಿಗಾಲದಲ್ಲಿ ಕೇಳಿದರೆ ಊರೆಲ್ಲ ಪೆಟ್ರೋಲಿನ ಪಕ್ಷ. ಬೇಸಿಗೆಯಲ್ಲಿ ದೋಣಿ ಕಟ್ಟಿಕೊಂಡು ಸಮುದ್ರಕ್ಕೆ ಹೊರಟಾಗ ಅದೇ ಜನ ಡೀಸೆಲ್ಲಿನ ಪಕ್ಷ. ವರ್ಷಕ್ಕೆ ಎರಡು ಸಲ ಪಕ್ಷಾಂತರ ಮಾಡುವುದಕ್ಕೆ ಅವರಿಗೆ ನಾಚಿಕೆಯೇನಿಲ್ಲ. ಹಾಗಾಗಿ ಡೆಲ್ಬರ್ಟ್‌ನ ಹಳೆಯ ಪಿಕಪ್ಪಿನ ಗೇರುಪೆಟ್ಟಿಗೆ ಸತ್ತು ಬೇರೆ ಗಾಡಿ ಕೊಳ್ಳಬೇಕಾಗಿ ಬಂದಾಗ, ಅವನ ಹೆಂಡತಿ ವೆರ್ನಾ ಡೀಸೆಲ್ಲೇ ಆಗಬೇಕು ಎಂದದ್ದರಲ್ಲಿ ವಿಶೇಷವೇನೂ ಇರಲಿಲ್ಲ. ಅದನ್ನು ಜನವರಿಯ ನಡುವೆ ಎಂದಳಲ್ಲ, ಅದೊಂದು ಮಾತ್ರ ವಿಶೇಷ.

ವೆರ್ನಾ ಶಾಲೆಯ ಬಸ್ಸು ಓಡಿಸುವವಳು. ಇಪ್ಪತ್ತಾರು ವರ್ಷದಿಂದ ಅದೇ ಕೆಲಸ. ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ, ಇನ್ನೂ ಕತ್ತಲಿರುವಾಗಲೇ, ಗುಡ್ಡದ ಮೇಲಿನ ಮನೆಗಳಿಂದ ಮಕ್ಕಳನ್ನು ಹತ್ತಿಸಿಕೊಂಡು, ಗಾಜಿನಂತೆ ಗಟ್ಟಿಯಾದ ಹಿಮದ ಮೇಲೆ ಬಸ್ಸನ್ನು ಇಳಿಸಿ ತಂದು ಶಾಲೆಯ ಬಾಗಿಲಿಗೆ ಬಿಡಬೇಕು. ಇಷ್ಟು ವರ್ಷದಲ್ಲಿ ಅವಳ ಬಸ್ಸಿಗೆ ಆದ ನಷ್ಟವೆಂದರೆ ಒಂದು ಕನ್ನಡಿ. ಅದನ್ನು ಒಡೆದದ್ದೂ ದಾರಿಗಡ್ಡ ಬಂದ ಒಂದು ಮೂಸ್ ಕಡವೆ. ಪ್ರತಿ ಆಗಸ್ಟ್‌ನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಗುಡ್ಡ ಇಳಿಸುವುದನ್ನು ಕಲಿಸುವವಳೂ ಅವಳೇ.

ಡೆಲ್ಬರ್ಟ್, ಎಲ್ಲರ ಬಾಯಲ್ಲಿ ಡೆಲ್, ಎಲೆಕ್ಟ್ರಿಷಿಯನ್ ಆಗಿದ್ದವನು, ಈಗ ನಿವೃತ್ತ. ಹುಟ್ಟಿ ಬೆಳೆದದ್ದು ನೆಬ್ರಾಸ್ಕದ ಬಯಲಿನಲ್ಲಿ. ಅಲ್ಲಿ ಎತ್ತರದ ಜಾಗ ನೋಡಬೇಕೆಂದರೆ ಜೋಳದ ಉಗ್ರಾಣದ ಮಾಡು ಹತ್ತಬೇಕು. ಆದರೆ ದೋಣಿ ಹೊತ್ತ ಟ್ರೇಲರನ್ನು ಹಿಮ್ಮುಖವಾಗಿ ನೀರಿಗಿಳಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಉಳಿದವರು ಮುಂದೆ ಹಿಂದೆ ಮಾಡಿ, ಹೆಂಡತಿಯನ್ನು ಬೈದು, ನಾಲ್ಕನೆಯ ಸಲಕ್ಕೆ ನೀರು ಮುಟ್ಟಿಸಿದರೆ, ಇವನು ಒಂದೇ ಸಲಕ್ಕೆ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಇಳಿಸುತ್ತಿದ್ದ. ದಂಡೆಯ ಮೇಲಿದ್ದವರು ತಲೆದೂಗುತ್ತಿದ್ದರು, ಅದು ಅವನಿಗೂ ಗೊತ್ತಿತ್ತು.

ಬಸ್ಸು ಅವಳದು, ದೋಣಿ ಅವನದು. ದೋಣಿ ಕಟ್ಟಿದ ಗಾಡಿಯನ್ನು ದೋಣಿಯ ಯಜಮಾನ ಓಡಿಸಬೇಕು. ಇದನ್ನು ಯಾರೂ ಕಾನೂನು ಮಾಡಿರಲಿಲ್ಲ, ಆದರೆ ಆ ಊರಿನ ಹತ್ತು ಮನೆಗಳಲ್ಲಿ ಒಂಬತ್ತರಲ್ಲಿ ಹಾಗೆಯೇ ನಡೆಯುತ್ತಿತ್ತು. ಪ್ರತಿ ಜುಲೈನಲ್ಲಿ ಇಬ್ಬರೂ ಎಂಟು ದಿನ ವಾಲ್ಡೀಜ್ ಬಂದರಿಗೆ ಹೋಗಿ, ಸಾಲ್ಮನ್ ಮತ್ತು ಹಾಲಿಬಟ್ ಮೀನು ಹಿಡಿದು, ಮುಂದಿನ ಜುಲೈವರೆಗೆ ಸಾಕಾಗುವಷ್ಟು ಶೀತಪೆಟ್ಟಿಗೆಯಲ್ಲಿ ತುಂಬಿಕೊಂಡು ಬರುತ್ತಿದ್ದರು. ಮೀನಿನ ಮಾತು ಹಾಗಿರಲಿ. ವರ್ಷದಲ್ಲಿ ಆ ಎಂಟು ದಿನವೇ ಅವರಿಬ್ಬರೂ ನಿಜವಾಗಿ ಕೂತು ಮಾತಾಡುತ್ತಿದ್ದದ್ದು. ನೀರಿನ ಮೇಲೆ ಡೆಲ್ ಬೇರೆಯೇ ಮನುಷ್ಯನಾಗುತ್ತಿದ್ದ, ಕಥೆ ಹೇಳುತ್ತಿದ್ದ, ಅವಳ ಕಾಲಿಗೆ ತಾನೇ ಕಂಬಳಿ ಹೊದಿಸುತ್ತಿದ್ದ. ವೆರ್ನಾಳಿಗೆ ಆ ದಿನಗಳೆಂದರೆ ಪ್ರಾಣ.

ವಾಲ್ಡೀಜ್‌ಗೆ ಮುನ್ನೂರ ಅರವತ್ತು ಮೈಲಿ. ಮುನ್ನೂರ ಮೂವತ್ತರವರೆಗೆ ಯಾವ ತಕರಾರೂ ಇಲ್ಲ. ಆಮೇಲೆ ಥಾಮ್ಸನ್ ಘಾಟಿ. ಮೇಲೆ ಹಿಮ, ಅಲ್ಲಿಂದ ಏಳು ಮೈಲಿ ಒಂದೇ ಸಮನೆ ಇಳಿಜಾರು, ಕೆಳಗೆ ಕಣಿವೆ. ಹೋದ ಜುಲೈನಲ್ಲಿ ಆ ಇಳಿಜಾರಿನ ನಾಲ್ಕನೆಯ ಮೈಲಿಯಲ್ಲಿ ಹಳೆಯ ಗಾಡಿಯ ಮುಂದಿನ ಚಕ್ರಗಳಿಂದ ಹೊಗೆ ಎದ್ದಿತ್ತು. ಬ್ರೇಕು ಒತ್ತಿದರೆ ನೆಲದವರೆಗೂ ಹೋಗುತ್ತಿತ್ತು, ಗಾಡಿ ಮಾತ್ರ ನಿಲ್ಲುತ್ತಿರಲಿಲ್ಲ. ಹಿಂದೆ ಆರೂವರೆ ಸಾವಿರ ಪೌಂಡಿನ ದೋಣಿ ನೂಕುತ್ತಿತ್ತು. ದೇವರು ದೊಡ್ಡವನು, ತಿರುವಿನ ಹೊರಬದಿಗೆ ಜಲ್ಲಿ ಸುರಿದ ಅಗಲವಾದ ಜಾಗವೊಂದಿತ್ತು. ಡೆಲ್ ಗಾಡಿಯನ್ನು ಅದಕ್ಕೆ ನುಗ್ಗಿಸಿದ, ಜಲ್ಲಿಯಲ್ಲಿ ಚಕ್ರ ಹೂತು ಗಾಡಿ ನಿಂತಿತು. ಮುಕ್ಕಾಲು ಗಂಟೆ ಅಲ್ಲಿಯೇ ಕೂತು ಫ್ಲಾಸ್ಕಿನ ಕಾಫಿ ಕುಡಿದರು. ಬ್ರೇಕು ಸ್ವಲ್ಪ ಬಿಸಿಯಾಗಿದೆ ಎಂದ ಡೆಲ್. ಹೌದು ಎಂದಳು ವೆರ್ನಾ. ಅಷ್ಟೇ. ಎಂಟು ದಿನ ಮೀನು ಹಿಡಿದು ಊರಿಗೆ ಬಂದರು.

ಬಂದ ಮೇಲೆ ಡೆಲ್ ಗಾಡಿಯದ್ದೂ ಟ್ರೇಲರಿನದ್ದೂ ಬ್ರೇಕುಗಳನ್ನೆಲ್ಲ ಬಿಚ್ಚಿ ಹೊಸದು ಹಾಕಿದ. ಹಳೆಯದು ಸವೆದಿತ್ತು, ಹಾಗಾಗಿ ಹಾಗಾಯಿತು, ಈಗ ಸರಿಯಾಯಿತು ಎಂಬುದು ಅವನ ತೀರ್ಮಾನ. ವೆರ್ನಾ ಕೂಡ ಒಳಗೊಳಗೇ ಒಂದು ತೀರ್ಮಾನ ಮಾಡಿಕೊಂಡಿದ್ದಳು. ಇನ್ನು ಮೇಲೆ ಆ ಘಾಟಿಯನ್ನು ಇಳಿಯುವುದಾದರೆ ತಾನಾಗಿ ತನ್ನನ್ನು ಹಿಡಿದುಕೊಳ್ಳುವ ಗಾಡಿಯಲ್ಲಿ ಇಳಿಯುವುದು. ಇಲ್ಲವಾದರೆ ಇಳಿಯುವುದೇ ಇಲ್ಲ. ಎಂಟು ದಿನ ಹೋದರೆ ಹೋಗಲಿ. ಹೀಗಂದುಕೊಂಡಾಗಲೆಲ್ಲ ಅವಳಿಗೆ ಅಳು ಬರುತ್ತಿತ್ತು, ಆದರೆ ತೀರ್ಮಾನ ಬದಲಾಗುತ್ತಿರಲಿಲ್ಲ.

ದೊಡ್ಡ ಡೀಸೆಲ್ ಗಾಡಿಗಳಲ್ಲಿ ಎಂಜಿನ್ ಬ್ರೇಕು ಎಂಬ ಒಂದು ಗುಂಡಿ ಇರುತ್ತದೆ. ಒತ್ತಿದರೆ ಎಂಜಿನ್ನೇ ಉಸಿರು ಕಟ್ಟಿ ಗಾಡಿಯನ್ನು ಹಿಡಿಯುತ್ತದೆ, ಚಕ್ರದ ಬ್ರೇಕು ಮುಟ್ಟಬೇಕಾಗಿಲ್ಲ. ಅವಳ ಬಸ್ಸಿನಲ್ಲೂ ಅದಿತ್ತು. ವೆರ್ನಾ ಡೀಸೆಲ್ ಎಂದದ್ದು ಆ ಗುಂಡಿಗಾಗಿ. ಆದರೆ ಹೇಳಿದ್ದು ಬೇರೆ ಏನೇನೋ: ಎಳೆಯುವ ಶಕ್ತಿ ಹೆಚ್ಚು, ಎಣ್ಣೆ ಕಡಿಮೆ ಕುಡಿಯುತ್ತದೆ, ಎಂಜಿನ್ನಿಗೆ ಆಯಸ್ಸು ಜಾಸ್ತಿ.

ಡೆಲ್ ಒಪ್ಪಲಿಲ್ಲ. ಅವನ ಮಾತೂ ಸುಳ್ಳಲ್ಲ. ನಲವತ್ತರ ಚಳಿಯಲ್ಲಿ ಡೀಸೆಲ್ ಎಣ್ಣೆ ಹೆಪ್ಪುಗಟ್ಟಿ ತುಪ್ಪವಾಗುತ್ತದೆ. ಗಾಡಿಯ ಮೂತಿಯಿಂದ ನೇತಾಡುವ ವೈರನ್ನು ಪೆಟ್ರೋಲಿನದಕ್ಕಿಂತ ಎರಡು ಪಟ್ಟು ಹೊತ್ತು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ಎಂಜಿನ್ ಬಿಸಿ ಮಾಡಬೇಕು. ಎರಡೆರಡು ಬ್ಯಾಟರಿ ಬೇಕು. ಅಂಗಡಿಗೆ ಹೋಗಿ ಬರುವ ಮೂರು ಮೈಲಿಯ ಓಡಾಟಕ್ಕೆ ಅದು ಬಿಸಿಯೇ ಆಗದೆ ಹೊಗೆಕೊಳವೆಯ ಜರಡಿಯಲ್ಲಿ ಮಸಿ ಕಟ್ಟಿಕೊಳ್ಳುತ್ತದೆ. ಇದೆಲ್ಲ ಊಟದ ಮೇಜಿನಲ್ಲಿ ದಿನಕ್ಕೊಂದರಂತೆ ಹೊರಬಿತ್ತು.

"ಎಂಟು ದಿನದ ಮದುವೆಗೆ ಏಳು ತಿಂಗಳ ಬಾಣಂತನ ಯಾರು ಮಾಡ್ತಾರೆ ಹೇಳು," ಎಂದ.

"ನನ್ನ ಬಸ್ಸು ದಿನಾ ಎದ್ದೇಳ್ತದಲ್ಲ."

"ನಿನ್ನ ಬಸ್ಸನ್ನ ಎಬ್ಬಿಸೋಕೆ ಗ್ಯಾರೇಜಿನ ರೋಲಂಡ್ ಇದಾನೆ. ನನ್ನನ್ನ ಎಬ್ಬಿಸೋಕೆ ನೀನಿದೀಯ. ಈ ಗಾಡೀನ ಎಬ್ಬಿಸೋಕೆ ಯಾರಿದಾರೆ?"

ವೈರು ಸಿಕ್ಕಿಸಿಟ್ಟರೆ ಏಳುತ್ತದೆ, ಆದರೆ ಕೀಳುವುದನ್ನು ಮರೆಯಬಾರದು ಅಷ್ಟೇ, ಎಂದು ಅವಳು ಚುಚ್ಚಿದಳು. ಮೂರು ವರ್ಷದ ಹಿಂದೆ ಡೆಲ್ ವೈರು ಕೀಳದೆಯೇ ಗಾಡಿ ಹೊರಡಿಸಿ, ಗೋಡೆಯ ಪ್ಲಗ್ಗಿನ ಡಬ್ಬಿಯನ್ನೂ ಕಿತ್ತುಕೊಂಡು, ಇಪ್ಪತ್ತೈದು ಅಡಿಯ ಕಿತ್ತಳೆ ಬಣ್ಣದ ಬಾಲ ಎಳೆದುಕೊಂಡು ಪೇಟೆಯವರೆಗೂ ಹೋಗಿದ್ದ. ಅದು ಆ ಊರಿನವರೆಲ್ಲ ಜೀವಮಾನದಲ್ಲಿ ಒಮ್ಮೆ ಮಾಡುವ ತಪ್ಪು. ಎಲೆಕ್ಟ್ರಿಷಿಯನ್ನೇ ಮಾಡಿದ್ದರಿಂದ ಎರಡು ಚಳಿಗಾಲ ಜನ ನಕ್ಕರು. ಡೆಲ್ ತಟ್ಟೆ ಎತ್ತಿಕೊಂಡು ಒಳಗೆ ಹೋದ, ಆ ರಾತ್ರಿ ಗಾಡಿಯ ಮಾತು ಮುಂದುವರಿಯಲಿಲ್ಲ.

ಮಾರ್ಚ್‌ನಲ್ಲಿ ಒಂದು ಡೀಸೆಲ್ ಗಾಡಿ ನೋಡಿಬಂದರು. ಸೈನ್ಯದಲ್ಲಿ ವರ್ಗವಾಗಿ ಬಿಸಿಲು ದೇಶಕ್ಕೆ ಹೊರಟಿದ್ದ ಒಬ್ಬ ಸಿಪಾಯಿಯದು. ಬಿಳಿ ಬಣ್ಣ, ಒಳ್ಳೆಯ ಸ್ಥಿತಿ. ವೆರ್ನಾ ಖಾಲಿ ಗಾಡಿಯನ್ನೇ ಒಂದು ಸುತ್ತು ಓಡಿಸಿ, ಸಣ್ಣ ಇಳುಕಲಿನಲ್ಲಿ ಆ ಗುಂಡಿ ಒತ್ತಿದಳು. ಗಾಡಿ ಗೊರ್ ಎಂದು ತನ್ನನ್ನು ತಾನೇ ಹಿಡಿದುಕೊಂಡಿತು. ಅವಳು ತಿರುಗಿ ಬಂದು ಅದೇ ಇಳುಕಲಿನಲ್ಲಿ ಇನ್ನೊಮ್ಮೆ ಒತ್ತಿ ನೋಡಿದಳು. ಆದರೆ ಸಿಪಾಯಿ ಹೇಳಿದ ಬೆಲೆ ಪೆಟ್ರೋಲು ಗಾಡಿಗಿಂತ ಹದಿನಾಲ್ಕು ಸಾವಿರ ಡಾಲರು ಹೆಚ್ಚು. ಅಷ್ಟಕ್ಕೆ ದೋಣಿಗೆ ಹೊಸ ಮೋಟಾರೇ ಬರುತ್ತದೆ ಎಂದು ಡೆಲ್ ವಾಪಸು ಬರುವ ದಾರಿಯುದ್ದಕ್ಕೂ ಹೇಳಿದ.

ವೆರ್ನಾ ರೋಲಂಡ್‌ನನ್ನು ಕೇಳಿದಳು. ರೋಲಂಡ್ ಬಸ್ಸಿನ ಗ್ಯಾರೇಜಿನ ಮೇಸ್ತ್ರಿ, ಡೀಸೆಲ್ಲಿನಲ್ಲೇ ಕೈತೊಳೆದವನು. ತನ್ನ ಪಕ್ಷ ವಹಿಸುತ್ತಾನೆ ಎಂದುಕೊಂಡಿದ್ದಳು. ಅವನು ಕೈ ಒರೆಸಿಕೊಳ್ಳುತ್ತ, ಮನೆಯ ಓಡಾಟಕ್ಕೆ ಡೀಸೆಲ್ ಬೇಡವೇ ಬೇಡ, ನಿಮ್ಮಿಬ್ಬರಿಗೆ ಪೆಟ್ರೋಲೇ ಸರಿ ಎಂದುಬಿಟ್ಟ. ಘಾಟಿಗೆ ಏನು ಮಾಡುವುದು ಎಂದು ಅವಳು ಕೇಳಿದಳು. ರೋಲಂಡ್ ಅವಳ ಮುಖವನ್ನೇ ನೋಡಿದ.

"ಘಾಟಿ ಇಳಿಸೋದು ಹೇಗೆ ಅಂತ ನೀನು ನನ್ನ ಕೇಳ್ತೀಯಾ ವೆರ್ನಾ? ಚಿಕ್ಕ ಗೇರಿಗೆ ಹಾಕು, ಎಂಜಿನ್ನೇ ಗಾಡೀನ ಹಿಡೀತದೆ, ಸುಮ್ನೆ ಕೂತ್ಕೋ. ಪೆಟ್ರೋಲಾದ್ರೇನು, ಡೀಸೆಲ್ ಆದ್ರೇನು."

ಈಗ ಅಸಲು ಮಾತು ಹೇಳಿಬಿಡಬೇಕು. ಇದು ಡೀಸೆಲ್ಲು ಪೆಟ್ರೋಲಿನ ವ್ಯಾಜ್ಯವೇ ಆಗಿರಲಿಲ್ಲ. ಹಳೆಯ ಗಾಡಿಯ ಬ್ರೇಕು ಕಾದದ್ದು ಸವೆದದ್ದರಿಂದಲ್ಲ, ಡೆಲ್ ಅದನ್ನು ಘಾಟಿಯ ತುದಿಯಿಂದಲೇ ಒತ್ತಿ ಹಿಡಿದುಕೊಂಡದ್ದರಿಂದ. ಹನ್ನೊಂದು ವರ್ಷದಿಂದ ಅವನು ಇಳಿಯುತ್ತಿದ್ದದ್ದೇ ಹಾಗೆ. ದೊಡ್ಡ ಗೇರಿನಲ್ಲಿ ಹೊರಡುವುದು, ವೇಗ ಹೆಚ್ಚಿದರೆ ಬ್ರೇಕು, ಹೆಚ್ಚಿತೆಂದು ಮತ್ತೆ ಬ್ರೇಕು, ಕೆಳಗೆ ಮುಟ್ಟುವವರೆಗೂ ಅದೇ. ಬಯಲಿನಲ್ಲಿ ಕಲಿತವನಿಗೆ ಗೇರು ಇರುವುದು ಹತ್ತುವುದಕ್ಕೆ, ಬ್ರೇಕು ಇರುವುದು ಇಳಿಯುವುದಕ್ಕೆ. ವೆರ್ನಾ ಊರಿನ ಇಪ್ಪತ್ತೆರಡು ಜನಕ್ಕೆ ಇದು ತಪ್ಪು ಎಂದು ಕಲಿಸಿದ್ದಳು, ಗಂಡನಿಗೆ ಕಲಿಸಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ.

ಹೇಳಲಿಲ್ಲ ಎಂದೂ ಅಲ್ಲ. ದೋಣಿ ಕೊಂಡ ಎರಡನೆಯ ವರ್ಷ ಘಾಟಿಯ ಮೇಲೆ, ಗೇರು ಇಳಿಸಬಾರದೇ ಎಂದು ಒಮ್ಮೆ ಅಂದಿದ್ದಳು. ಇದು ನಿನ್ನ ಬಸ್ಸಲ್ಲ ಎಂದಿದ್ದ ಡೆಲ್. ಆಮೇಲೆ ನಾಲ್ಕು ದಿನ ಅವನ ಬಾಯಿಂದ ಮಾತು ಹೊರಡಲಿಲ್ಲ. ಎಂಟು ದಿನದಲ್ಲಿ ನಾಲ್ಕು ದಿನ. ನೀರಿನ ಮೇಲೆ ಎದುರುಬದುರು ಕೂತು, ನಡುವೆ ಗಾಳ ಇಳಿಬಿಟ್ಟುಕೊಂಡು, ಒಂದು ಮಾತಿಲ್ಲ. ಅಂದಿನಿಂದ ವೆರ್ನಾ ಆ ಮಾತು ನಾಲಿಗೆ ತುದಿಗೆ ಬಂದಾಗಲೆಲ್ಲ ನುಂಗಿಕೊಂಡು ಬಂದಳು. ಡೀಸೆಲ್ ಗಾಡಿ ಬಂದರೆ ಗುಂಡಿ ಒತ್ತಲು ಹೇಳಿದರಾಯಿತು. ಹೊಸ ಗಾಡಿಯ ಹೊಸ ಗುಂಡಿ, ಅದರಲ್ಲಿ ಅವಮಾನವೇನು? ಇದು ಅವಳ ಲೆಕ್ಕ.

ಮೇ ತಿಂಗಳ ಕೊನೆಯ ವಾರ ಡೆಲ್ ಒಂದು ಪೆಟ್ರೋಲು ಗಾಡಿ ಗೊತ್ತುಮಾಡಿದ. ಅದರ ಯಜಮಾನ ಥರ್ಮನ್, ಎಪ್ಪತ್ತು ದಾಟಿದ ಒಂಟಿ ಜೀವ, ಒಂದು ಕಾಲಕ್ಕೆ ಚಿನ್ನ ಸೋಸುತ್ತಿದ್ದವನು. ಊರಾಚೆಗಿನ ಕ್ಲಿಯರಿ ಗುಡ್ಡದ ಬುಡದಲ್ಲಿ ಅವನ ಮನೆ. ದೋಣಿ ಕಟ್ಟಿ ಓಡಿಸಿ ನೋಡದೆ ಗಾಡಿ ಕೊಳ್ಳುವವನು ಪೆದ್ದ ಎಂದು ಅವನೇ ಗಾಡಿಯನ್ನು ಇವರ ಮನೆಗೆ ತಂದ. ದೋಣಿಯ ಟ್ರೇಲರು ಸಿಕ್ಕಿಸಿದರು. ಡೆಲ್ ಓಡಿಸಿದ, ವೆರ್ನಾ ಪಕ್ಕದಲ್ಲಿ, ಥರ್ಮನ್ ಹಿಂದಿನ ಸೀಟಿನಲ್ಲಿ ಮೊಣಕಾಲು ಮಡಚಿಕೊಂಡು ಕೂತ. ಹೊರಟದ್ದು ಅವನ ಮನೆಯ ಮೇಲಿನ ಗುಡ್ಡಕ್ಕೇ.

ಗಾಡಿ ಚೆನ್ನಾಗಿಯೇ ಹತ್ತಿತು. ಸದ್ದು ಸ್ವಲ್ಪ ಜೋರು, ಆದರೆ ಎಲ್ಲೂ ಏದುಸಿರು ಬಿಡಲಿಲ್ಲ. ತುದಿ ಮುಟ್ಟುವ ಹೊತ್ತಿಗೆ ಡೆಲ್ ಸಂತೋಷದಿಂದ ಸಿಳ್ಳೆ ಹಾಕುತ್ತಿದ್ದ, ನೋಡಿದೆಯಾ ಎಂದು ಹೆಂಡತಿಯ ಕಡೆ ತಿರುಗಿ ಎರಡು ಸಲ ಕೇಳಿದ. ಮೇಲೆ ಗಾಡಿ ತಿರುಗಿಸಿಕೊಂಡು ಇಳಿಯತೊಡಗಿದರು. ದೊಡ್ಡ ಗೇರು. ಬ್ರೇಕು. ಮತ್ತೆ ಬ್ರೇಕು. ಮೊದಲ ತಿರುವು ದಾಟುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಥರ್ಮನ್‌ನ ಗಾಡಿಯದ್ದೂ ಟ್ರೇಲರಿನದ್ದೂ ಬ್ರೇಕು ಎಲ್ಲ ಹೊಸದು. ವಾಸನೆ ಹಳೆಯದು.

"ಪಕ್ಕಕ್ಕೆ ಹಾಕು," ಎಂದಳು ವೆರ್ನಾ.

"ಯಾಕೆ?"

"ಹಾಕು ಡೆಲ್."

ಅವಳು ದನಿ ಎತ್ತಲಿಲ್ಲ. ಆದರೆ ಅದು ನಲವತ್ತು ಮಕ್ಕಳ ಬಸ್ಸಿನಲ್ಲಿ ಕೊನೆಯ ಸೀಟಿನವರೆಗೆ ಮುಟ್ಟುವ ದನಿ. ಡೆಲ್ ಪಕ್ಕಕ್ಕೆ ಹಾಕಿದ. ಥರ್ಮನ್ ಕಿಟಕಿಯಾಚೆ ಏನೋ ಬಹಳ ಮುಖ್ಯವಾದದ್ದು ಕಂಡವನ ಹಾಗೆ ಆ ಕಡೆ ತಿರುಗಿಕೊಂಡ. ಬ್ರೇಕು ಆರಲಿ ಎಂದು ಇಪ್ಪತ್ತು ನಿಮಿಷ ಕಾದರು. ಆಮೇಲೆ ವೆರ್ನಾ ಈ ಕಡೆಯಿಂದ ಇಳಿದು ಆ ಕಡೆ ಹೋಗಿ ಬಾಗಿಲು ತೆರೆದು ನಿಂತಳು. ತಾನು ಓಡಿಸುತ್ತೇನೆ, ಮತ್ತೆ ಮೇಲಕ್ಕೇ ಹೋಗಿ ಮೊದಲಿಂದ ಇಳಿಯುತ್ತೇನೆ ಎಂದಳು. ಬೇರೆಯವನ ಎದುರು ಜಗಳ ಬೇಡವೆಂದು ಡೆಲ್ ಸರಿದು ಕೂತ.

ಮೇಲೆ ಹೋಗಿ ತಿರುಗಿಸಿ, ಇಳಿಯುವ ಮೊದಲೇ ಎರಡನೆಯ ಗೇರಿಗೆ ಹಾಕಿದಳು. ಎಂಜಿನ್ ಕಿರುಚಿತು. ಗಾಡಿ ಹಾಳಾಗುತ್ತದೆ ಎಂದ ಡೆಲ್. ಆಗುವುದಿಲ್ಲ ಎಂದ ಥರ್ಮನ್ ಹಿಂದಿನಿಂದ, ಅದೊಂದೇ ಮಾತು. ಗಾಡಿ ಗಂಟೆಗೆ ಇಪ್ಪತ್ತೈದು ಮೈಲಿಯಲ್ಲಿ, ಹೆಚ್ಚೂ ಇಲ್ಲ ಕಮ್ಮಿಯೂ ಇಲ್ಲ, ಇಳಿಯುತ್ತ ಬಂತು. ಹಿಂದಿನ ದೋಣಿ ನೂಕಲಿಲ್ಲ. ಇಡೀ ಇಳಿಜಾರಿಗೆ ಅವಳು ಬ್ರೇಕು ಮುಟ್ಟಿದ್ದು ಮೂರು ಸಲ, ಅದೂ ಮುಟ್ಟಿ ಬಿಟ್ಟದ್ದು. ಥರ್ಮನ್‌ನ ಮನೆಯ ಮುಂದೆ ನಿಲ್ಲಿಸಿದಾಗ ಮುದುಕ ಇಳಿದು ಮುಂದಿನ ಚಕ್ರದ ಹತ್ತಿರ ಅಂಗೈ ಹಿಡಿದು ನೋಡಿದ. ಬೆಚ್ಚಗೂ ಇಲ್ಲ ಎಂದ. ಆಮೇಲೆ, ಪಾಪ, ಅವನ ಮನಸ್ಸಿನಲ್ಲಿ ಏನೂ ಇರಲಿಲ್ಲ, ಹತ್ತುವಾಗ ಡೆಲ್ ಆಡಿಕೊಂಡದ್ದನ್ನು ನೆನೆದು ಸುಮ್ಮನೆ ಕೇಳಿದ.

"ಅಲ್ಲಮ್ಮಾ, ಇಷ್ಟು ಚೆನ್ನಾಗಿ ಇಳಿಸೋಳು ನೀನು. ನಿಂಗೆ ಡೀಸೆಲ್ ಯಾಕೆ ಬೇಕಿತ್ತು?"

ಹತ್ತು ವರ್ಷ ನುಂಗಿದ್ದು ಬಾಯಿಗೆ ಬಂತು. "ನನಗೆ ಬೇಕಿರ್ಲಿಲ್ಲ," ಎಂದಳು. "ಇವನು ಓಡಿಸಿದ್ರೂ ನಾವು ಬದುಕಿ ಉಳಿಯೋ ಅಂಥ ಗಾಡಿ ಬೇಕಿತ್ತು."

ಥರ್ಮನ್ ಟೊಪ್ಪಿಗೆ ಸರಿಮಾಡಿಕೊಂಡ. ಕೊಳ್ಳದಿದ್ದರೆ ಗಾಡಿ ಯಾವಾಗಲಾದರೂ ತಂದುಕೊಟ್ಟರೆ ಸಾಕು ಎಂದು ಹೇಳಿ ಮನೆಯೊಳಕ್ಕೆ ಹೋಗಿ ಬಾಗಿಲು ಹಾಕಿಕೊಂಡ.

ಗಂಡ ಹೆಂಡತಿ ಗಾಡಿಯಲ್ಲಿ ಕೂತರು. ವೆರ್ನಾಳೇ ಓಡಿಸುತ್ತಿದ್ದಳು. ನಾಲ್ಕು ಮೈಲಿ ಡೆಲ್ ತನ್ನ ಅಂಗೈಗಳನ್ನೇ ನೋಡಿಕೊಂಡ. ಆಮೇಲೆ, ಯಾವಾಗಿನಿಂದ ಗೊತ್ತು ಎಂದು ಕೇಳಿದ. ಮೊದಲ ವರ್ಷದಿಂದ ಎಂದಳು ವೆರ್ನಾ. ಎರಡನೆಯ ವರ್ಷ ಒಂದು ಮಾತು ಅಂದದ್ದು, ನಾಲ್ಕು ದಿನ ಅವನು ಮೌನ ಹಿಡಿದದ್ದು, ಎಲ್ಲ ಹೇಳಿದಳು. ಅವನಿಗೆ ಅದರ ನೆನಪೇ ಇರಲಿಲ್ಲ. ಅವಳಿಗೆ ಹತ್ತು ವರ್ಷದ ಬಾಯಿಬೀಗವಾದದ್ದು ಅವನಿಗೆ ಒಂದು ಹೊತ್ತಿನ ಮುನಿಸು.

ಅವನು ಕೂಗಾಡುತ್ತಾನೆ ಎಂದು ಅವಳು ಕಾದಿದ್ದಳು. ಅವನು ಕೂಗಾಡಲಿಲ್ಲ.

"ಊರಿನ ಹುಡುಗರಿಗೆಲ್ಲ ಕಲಿಸ್ತೀಯ," ಎಂದ. "ಹೆಸರು ಗೊತ್ತಿಲ್ಲದೋರಿಗೆ ಕಲಿಸ್ತೀಯ. ಆವತ್ತು ಜಲ್ಲಿ ಇಲ್ದೇ ಇದ್ದಿದ್ರೆ ಇಬ್ರೂ ಸಾಯ್ತಿದ್ವಿ. ನಾನು ಯಾಕೆ ಸತ್ತೆ ಅಂತಾನೂ ಗೊತ್ತಿಲ್ದೆ ಸಾಯ್ತಿದ್ದೆ. ನೀನು ಗೊತ್ತಿದ್ದು ಸಾಯ್ತಿದ್ದೆ. ನಾಲ್ಕು ದಿನ ನಾನು ಮಾತಾಡಲ್ಲ ಅಂತ."

"ನಿನ್ನ ಮರ್ಯಾದೆ ತೆಗೀಬಾರದು ಅಂತ."

"ನನ್ನ ಮರ್ಯಾದೆಗೆ ಅಷ್ಟು ಬೆಲೆ ಅಂತ ನಿನಗೆ ಯಾರು ಹೇಳಿದ್ರು?"

ವೆರ್ನಾಳಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಇಷ್ಟು ವರ್ಷ ಅದನ್ನು ಅವಳು ತಾಳ್ಮೆ ಎಂದುಕೊಂಡಿದ್ದಳು, ದಾಂಪತ್ಯದಲ್ಲಿ ಒಬ್ಬರು ಸಹಿಸಿಕೊಳ್ಳಬೇಕಲ್ಲ ಎಂದು ಒಳಗೊಳಗೇ ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದಳು. ಅದು ತಾಳ್ಮೆಯಲ್ಲ, ಬರೀ ಪುಕ್ಕಲುತನ. ಘಾಟಿಯ ಪ್ರಪಾತಕ್ಕಿಂತ ಗಂಡನ ಮೂತಿಗೆ ಹೆಚ್ಚು ಹೆದರಿದ್ದಳು. ಆದರೆ ಮೂತಿ ಉಬ್ಬಿಸುವವನು ಅವನೇ ತಾನೇ? ಅದಕ್ಕೆ ತಾನೊಬ್ಬಳೇ ಹೊಣೆಯೇ? ಹೀಗೆ ಎರಡೂ ಕಡೆ ವಕಾಲತ್ತು ಮಾಡಿಕೊಳ್ಳುತ್ತ ಮನೆ ಸೇರಿದಳು. ಅಂಗಳದಲ್ಲಿ ದೋಣಿಯನ್ನು ಅದರ ಜಾಗಕ್ಕೆ ಹಿಮ್ಮುಖವಾಗಿ ನೂಕಬೇಕಾಗಿತ್ತು. ಅವಳು ಎರಡು ಸಲ ತಪ್ಪಿದಳು. ಮೂರನೆಯ ಸಲಕ್ಕೆ ಡೆಲ್ ಏನೂ ಹೇಳದೆ ಬಂದು ಸ್ಟೇರಿಂಗ್ ಹಿಡಿದು ಒಂದೇ ಸಲಕ್ಕೆ ನಿಲ್ಲಿಸಿ ಒಳಗೆ ಹೋದ.

ಈ ಸಲ ಮಾತು ಬಿಟ್ಟದ್ದು ನಾಲ್ಕು ದಿನವಲ್ಲ, ಆರು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇವರು ಆರು ದಿನವೂ ಉಂಡರು, ಮಲಗಿದರು, ಜಗಳ ಹಾಗೇ ಇತ್ತು. ಶಾಲೆಗೆ ರಜೆ ಬಂದಿತ್ತು, ವೆರ್ನಾಳಿಗೆ ಹೋಗಲು ಬಸ್ಸೂ ಇರಲಿಲ್ಲ. ಮೂರನೆಯ ದಿನ ಅವಳು ಮನಸ್ಸಿನಲ್ಲಿಯೇ ಜುಲೈಯನ್ನು ಕೈಬಿಟ್ಟಳು. ಹೋಗಲಿ, ಅಂಗಡಿಯ ಮೀನು ತಿಂದರಾಯಿತು, ದೋಣಿ ಮಾರಿದರಾಯಿತು ಎಂದುಕೊಂಡಳು. ಆದರೂ ಒಂದು ಸಮಾಧಾನವಿತ್ತು: ಹೇಳಬೇಕಾದದ್ದನ್ನು ಹೇಳಿಯಾಗಿತ್ತು, ಮನೆ ಬಿದ್ದಿರಲಿಲ್ಲ. ಏಳನೆಯ ದಿನ ಬೆಳಿಗ್ಗೆ ಡೆಲ್ ಮೊಟ್ಟೆ ಹುರಿದು ಎರಡು ತಟ್ಟೆಗೆ ಹಾಕಿದ.

"ಥರ್ಮನ್‌ಗೆ ಫೋನ್ ಮಾಡಿದ್ದೆ," ಎಂದ. "ಗಾಡಿ ತಗೋತಿದೀನಿ. ಪೆಟ್ರೋಲು."

ವೆರ್ನಾ ಮುಳ್ಳುಚಮಚ ಕೆಳಗಿಟ್ಟಳು.

"ಘಾಟಿ ಇಳಿಸೋದು ನೀನು," ಎಂದ ಡೆಲ್. "ದೋಣಿ ನೀರಿಗೆ ಬಿಡೋದು ನಾನು. ಮಿಕ್ಕಿದ್ದು ಯಾರಾದ್ರೂ ಓಡಿಸೋಣ."

ನೀನೇ ಕಲಿ, ಎರಡು ದಿನದಲ್ಲಿ ಬರುತ್ತದೆ, ಎಂದು ಅವಳು ಹೇಳಿದಳು. ಈ ಸಲ ಹೇಳಿದಳು ನೋಡಿ. ಅದು ಮುಂದಿನ ವರ್ಷದ ಮಾತು ಎಂದ ಡೆಲ್, ಮೊಟ್ಟೆಗೆ ಉಪ್ಪು ಸಾಲದು ಎಂದ.

ಜುಲೈ ಎರಡನೆಯ ಶನಿವಾರ ಮುನ್ನೂರ ಮೂವತ್ತು ಮೈಲಿ ಡೆಲ್ ಓಡಿಸಿದ. ಘಾಟಿಯ ತುದಿಯಲ್ಲಿ ಗಾಡಿ ನಿಲ್ಲಿಸುವ ಜಾಗದಲ್ಲಿ ಆಗಲೇ ಐದಾರು ದೋಣಿಗಳಿದ್ದವು, ಎಲ್ಲ ಊರಿನವರೇ, ಇಳಿದು ಕೈಕಾಲು ಜಾಡಿಸಿಕೊಳ್ಳುತ್ತಿದ್ದರು. ಡೆಲ್ ಗಾಡಿ ನಿಲ್ಲಿಸಿ ಒಂದು ನಿಮಿಷ ಹಾಗೇ ಕೂತ. ಅವರಲ್ಲಿ ಇಬ್ಬರು ಅವನ ಜೊತೆ ಮೂವತ್ತು ವರ್ಷ ಕೆಲಸ ಮಾಡಿದವರು. ಇವರು ಹೋಗುವವರೆಗೆ ಕಾಯೋಣ, ಬೇಕಾದರೆ, ಎಂದಳು ವೆರ್ನಾ. ಬೇಡ ಎಂದ. ಬಾಗಿಲು ತೆರೆದು ಇಳಿದು, ಎಲ್ಲರ ಕಣ್ಣೆದುರಿಗೆ ಗಾಡಿಯ ಮುಂದಿನಿಂದ ಸುತ್ತಿಕೊಂಡು ಹೆಂಡತಿಯ ಕಡೆಗೆ ಬಂದ. ಹೊಟ್ಟೆನೋವೇನೋ ಎಂದು ಯಾರೋ ಕೇಳಿದರು. ಇಲ್ಲ, ಇಳಿಸುವುದು ಅವಳಿಗೆ ನನಗಿಂತ ಚೆನ್ನಾಗಿ ಬರುತ್ತದೆ ಎಂದ ಡೆಲ್. ಕೇಳಿದವನು ನಗಬೇಕೋ ಬೇಡವೋ ತಿಳಿಯದೆ ತನ್ನ ಟ್ರೇಲರಿನ ಸರಪಳಿ ನೋಡಲು ಹೋದ.

ವೆರ್ನಾ ಎರಡನೆಯ ಗೇರಿಗೆ ಹಾಕಿ ಹೊರಟಳು. ಎಲ್ಲೂ ಮಂಜಿರಲಿಲ್ಲ, ರಸ್ತೆ ಒಣಗಿತ್ತು. ಎಂಜಿನ್ ಕಿರುಚುತ್ತಿತ್ತು, ಗಾಡಿ ನಿಧಾನವಾಗಿ ಇಳಿಯುತ್ತಿತ್ತು. ಎರಡನೆಯ ಮೈಲಿಗೆಲ್ಲ ಹಿಂದೆ ಏಳೆಂಟು ಗಾಡಿಗಳ ಸಾಲು ಬೆಳೆದು ಹಾರ್ನ್ ಹೊಡೆಯತೊಡಗಿತು. ಡೆಲ್‌ನ ಬಲಗೈ ಬಾಗಿಲಿನ ಹಿಡಿಯನ್ನು ಹಿಡಿದುಕೊಂಡಿತ್ತು. ಅವನ ಕಿಟಕಿಯ ಕೆಳಗೆ ರಸ್ತೆಯ ಅಂಚು, ಅಂಚಿನ ಕೆಳಗೆ ಏನೂ ಇಲ್ಲ. ಆ ಸೀಟಿನಲ್ಲಿ ಕೂತು ಅವನು ಈ ಘಾಟಿ ಇಳಿದದ್ದು ಇದೇ ಮೊದಲು.

ಜಲ್ಲಿ ಹಾಕಿದ ತಿರುವು ಬಂತು, ಹೋಯಿತು. ಡೆಲ್ ಕಿಟಕಿಗೆ ಹಣೆ ತಾಗಿಸಿ ಕೆಳಗೆ ನೋಡಿದ.

"ಇಲ್ಲಿಂದ ತಳ ಕಾಣ್ತದೆ," ಎಂದ. "ಆ ಕಡೆ ಕೂತ್ರೆ ಬರೀ ರಸ್ತೆ. ಇಷ್ಟು ವರ್ಷ ಇಲ್ಲಿ ಕೂತು ನೀನು ಇದನ್ನೇ ನೋಡ್ತಿದ್ಯಾ?"

"ಇಲ್ಲ," ಎಂದಳು ವೆರ್ನಾ. "ನಿನ್ನ ಕಾಲು ನೋಡ್ತಿದ್ದೆ."

ಹಿಂದಿನವನು ಮತ್ತೊಮ್ಮೆ ಹಾರ್ನ್ ಹೊಡೆದ. ಡೆಲ್ ಕಿಟಕಿಯ ಗಾಜು ಇಳಿಸಿ, ಕೈ ಹೊರಹಾಕಿ, ನಿಧಾನ ಎಂದು ಅವನಿಗೆ ಸನ್ನೆ ಮಾಡಿದ.